ಸದಾಶಿವಗಡದ ಹಂಚಿನ ಮನೆ ಮೂರು ವರ್ಷದಿಂದ ಮಾರಾಟಕ್ಕಿದೆ. ಎಷ್ಟಕ್ಕೆ ಕೇಳಬೇಕು?

ಕಾಜುಬಾಗದ ಟೀಚರ್, 11 ಮೇ 2025

ಎಲ್ಲರಿಗೂ ನಮಸ್ಕಾರ. ನಾನು ಕಾರವಾರ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ನಮ್ಮವರು ಬೈತಖೋಲ್ ಬಂದರಿನಲ್ಲಿ ಬೋಟ್ ಇಂಜಿನ್ ಮೆಕ್ಯಾನಿಕ್. ಹನ್ನೊಂದು ವರ್ಷದಿಂದ ಕಾಜುಬಾಗದಲ್ಲಿ ಬಾಡಿಗೆಗಿದ್ದೇವೆ, ಈಗ ತಿಂಗಳಿಗೆ 9,500. ಬೇಸಿಗೆ ರಜೆ ಬಂದರೆ ಬೇರೆ ಟೀಚರುಗಳು ತವರಿಗೆ ಹೋಗುತ್ತಾರೆ, ನಾನು ಮನೆ ನೋಡೋಕೆ ಹೋಗುತ್ತೇನೆ. ಇದು ನಾಲ್ಕನೇ ರಜೆ. ಹದಿಮೂರು ಮನೆ ಆಯ್ತು.

ಹಬ್ಬುವಾಡದಲ್ಲಿ ಒಂದು ಫ್ಲ್ಯಾಟ್ ನೋಡಿದೆವು. ಬಚ್ಚಲಿನ ಗೋಡೆಗೆ ಹೊಸ ಬಣ್ಣ, ಬೆರಳಿಂದ ಒತ್ತಿದರೆ ಒಳಗೆ ಒದ್ದೆ. ಶಿರವಾಡದಲ್ಲಿ ಚೆಂದದ ಮನೆ ಸಿಕ್ಕಿತ್ತು, ಆದರೆ ಪಹಣಿಯಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ ಇದೆ. ಬಿಣಗಾದ್ದು ಹೆದ್ದಾರಿಗೆ ಎಷ್ಟು ಹತ್ತಿರ ಅಂದರೆ, ಲಾರಿ ಹೋದಾಗಲೆಲ್ಲ ಶೋಕೇಸಿನ ಲೋಟಗಳು ಗಿಣಿಗಿಣಿ ಅನ್ನುತ್ತಿದ್ದವು. ಉಳಿದವುಗಳ ಕತೆ ಬೇಡ.

ಈಗ ಕಾಳಿ ಹೊಳೆಯ ಆಚೆ, ಸದಾಶಿವಗಡದ ಕಡೆ ಒಂದು ಮನೆ ಮನಸ್ಸಿಗೆ ಬಂದಿದೆ. ಚಿತ್ತಾಕುಲ ಪಂಚಾಯತಿ. ಐದೂವರೆ ಗುಂಟೆ ಜಾಗ, ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚು, ಎದುರಿಗೆ ಜಗಲಿ, ಹಿಂದೆ ಬಾವಿ, ಒಂದು ಹಲಸು, ಏಳು ತೆಂಗು. ಗೇಟಿಗೆ 'ಮಾರಾಟಕ್ಕಿದೆ' ಬೋರ್ಡ್ ಕಟ್ಟಿ ಮೂರು ವರ್ಷವಂತೆ. ಬಿಸಿಲಿಗೆ ಮಾಸಿ ಫೋನ್ ನಂಬರಿನ ಕೊನೆಯ ಎರಡು ಅಂಕೆ ಕಾಣಿಸುವುದೇ ಇಲ್ಲ. ಪಕ್ಕದ ಮನೆಯವರನ್ನು ಕೇಳಿ ತಿಳಿದುಕೊಂಡೆವು. ಫೋನ್ ಎತ್ತಿದವರಿಗೆ ಬೋರ್ಡಿನ ವಿಷಯ ಹೇಳಿದರೆ "ಹೌದಾ?" ಅಂದರು ಅಷ್ಟೆ.

ಮೊದಲು 65 ಲಕ್ಷ ಹೇಳುತ್ತಿದ್ದರಂತೆ, ನಮಗೆ 58 ಅಂದರು. ಅದರಲ್ಲಿ 15 ಕ್ಯಾಶ್ ಬೇಕಂತೆ, ಕಾಗದದಲ್ಲಿ 43 ಮಾತ್ರ. ಅಣ್ಣ ತಮ್ಮ ಅಕ್ಕ ತಂಗಿ ಸೇರಿ ಐದು ಜನ. ಒಬ್ಬರು ಮಸ್ಕತ್‌ನಲ್ಲಿ, ಇಬ್ಬರು ಮುಂಬೈಯಲ್ಲಿ.

ಈ ಕಡೆ ಕೊಳ್ಳುವವರಾದರೂ ಯಾರಿದ್ದಾರೆ ಹೇಳಿ? ಕೈಗಾದವರಿಗೆ ಮಲ್ಲಾಪುರದಲ್ಲಿ ಟೌನ್‌ಶಿಪ್ ಇದೆ, ನೇವಿಯವರಿಗೆ ಕ್ವಾರ್ಟರ್ಸ್. ನಮ್ಮ ಹುಡುಗರೆಲ್ಲ ಗೋವಾ, ಬೆಂಗಳೂರು. ಕಳೆದ ವರ್ಷ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಬಿದ್ದ ಮೇಲೆ ಹೋಗೋದಕ್ಕೂ ಬರೋದಕ್ಕೂ ಹೊಸ ಸೇತುವೆ ಒಂದೇ. ಪೇಟೆಯವರಿಗೆ ಆ ದಡ ಈಗ ಇನ್ನೂ ದೂರ ಕಾಣುತ್ತೆ.

ನಮ್ಮ ಹತ್ತಿರ 14 ಲಕ್ಷ ಇದೆ. ಬ್ಯಾಂಕಿನವರು ನನ್ನ ಸಂಬಳ ನೋಡಿ 34ರವರೆಗೆ ಕೊಡಬಹುದು ಅಂದಿದ್ದಾರೆ. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಹಾಕುವ ಬಡ್ಡಿ, ಅಂದರೆ ರೆಪೊ ದರ, ಫೆಬ್ರವರಿಯಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಇಳಿದು 6% ಆಗಿದೆ. ಇನ್ನೂ ಇಳಿಯುತ್ತೆ, ತಡೀರಿ ಅನ್ನುವವರೂ ಇದ್ದಾರೆ.

ಮನೆ ನೋಡೋಕೆ ಹೋದರೆ ನನ್ನ ಕಣ್ಣು ಮೊದಲು ಅಡುಗೆಮನೆಯ ಕಿಟಕಿಗೆ ಹೋಗುತ್ತೆ. ನಮ್ಮವರು ಸೀದಾ ಬಾವಿಗೆ ಹೋದರು. ಕೊಡ ಇಳಿಸಿ ನೀರು ಸೇದಿ, ಒಂದು ಬೊಗಸೆ ಬಾಯಿಗೆ ಹಾಕಿಕೊಂಡು, ಡೀಸೆಲ್ ಪರೀಕ್ಷೆ ಮಾಡುವವರ ಹಾಗೆ ಸ್ವಲ್ಪ ಹೊತ್ತು ಇಟ್ಟುಕೊಂಡು ಉಗುಳಿದರು. "ಚೂರು ಸವಳು" ಅಂದರು. ನನಗೇನೂ ಗೊತ್ತಾಗಲಿಲ್ಲ.

45ಕ್ಕೆ ಕೇಳಿದರೆ ಬೈದು ಕಳಿಸುತ್ತಾರಾ? ಇಲ್ಲ, ಇನ್ನೊಂದು ವರ್ಷ ಸುಮ್ನೆ ಕೂತರೆ ತಾನಾಗಿ ಇಳಿಯುತ್ತಾ? ಗೊತ್ತಿದ್ದವರು ಹೇಳಿ.


ಅಂಕೋಲೆ ಪಿಂಚಣಿದಾರ, 12 ಮೇ 2025

ತಂಗಿ, ನಿನ್ನ ಯಜಮಾನರ ನಾಲಿಗೆ ಸರಿ ಇದೆ. ಹೊಳೆ ಪಕ್ಕದ ಬಾವಿಯನ್ನು ನೋಡಬೇಕಾದ್ದೇ ಮೇ ತಿಂಗಳಲ್ಲಿ. ಬೇಸಿಗೆಯಲ್ಲಿ ಹೊಳೆಗೆ ಮೇಲಿಂದ ಬರುವ ಸಿಹಿನೀರು ಕಡಿಮೆ. ಉಬ್ಬರದಲ್ಲಿ ಸಮುದ್ರದ ಉಪ್ಪು ಒಳಗೊಳಗೆ ನುಗ್ಗುತ್ತೆ. ಅದೇ ಬಾವಿಯ ನೀರನ್ನು ಅಕ್ಟೋಬರ್‌ನಲ್ಲಿ ಕುಡಿದರೆ ಎಳನೀರಿನ ಹಾಗಿರುತ್ತೆ. ಚೂರು ಸವಳು ಅಂದರೆ ಚಿಂತೆ ಇಲ್ಲ. ಬೇಳೆ ಬೇಯುತ್ತಾ ಅಂತ ಒಂದು ಬಾಟಲಿ ಮನೆಗೆ ತಂದು ನೋಡು.

ಬೆಲೆ ಆಮೇಲೆ ಮಾತಾಡು. ಮೂರು ವರ್ಷ ಯಾರೂ ತಗೊಳ್ಳದ ಮನೆಯನ್ನು ಇನ್ನೆರಡು ತಿಂಗಳಲ್ಲಿ ಯಾರೂ ಎತ್ತಿಕೊಂಡು ಹೋಗುವುದಿಲ್ಲ. ಜುಲೈಯಲ್ಲಿ, ಮಳೆ ಹಿಡಿದು ನಾಲ್ಕೈದು ದಿನ ಆದ ಮೇಲೆ ಇನ್ನೊಂದು ಸಲ ಹೋಗು. ಟಾರ್ಚ್ ಹಿಡಿದು ಅಟ್ಟ ಹತ್ತು.

ನಾನು ಮಾಡಿದ ತಪ್ಪು ಹೇಳುತ್ತೇನೆ. 2009ರ ಜನವರಿಯಲ್ಲಿ ಗುಡ್ಡದ ಬುಡದಲ್ಲಿ ಒಂದು ಮನೆ ತಗೊಂಡೆ. ಒಣ ಒಣ, ಚೊಕ್ಕ. ಜುಲೈಯಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ದೇವರ ಕೋಣೆಯ ನೆಲದಿಂದ ನೀರು ಏಳುತ್ತಿದೆ! ಮೇಲಿಂದ ಸೋರಿದ್ದಲ್ಲ. ಗುಡ್ಡದ ಒರತೆ. ಹಿಂದಿನವರು ಮನೆ ಕಟ್ಟುವಾಗ ಗುಡ್ಡ ಕಡಿದು ಒರತೆಯ ಬಾಯಿ ತೆರೆದು, ಅದರ ಮೇಲೆ ಟೈಲ್ಸ್ ಹಾಕಿದ್ದರು. ಹಿತ್ತಿಲ ಕಡೆ ಆಳದ ಗಟಾರ ತೋಡಿಸಿ ನೀರು ತಿರುಗಿಸೋದಕ್ಕೆ ಎರಡು ವರ್ಷ ಹಿಡಿಯಿತು. ಕಳೆದ ಜುಲೈಯಲ್ಲಿ ನಮ್ಮ ಶಿರೂರಿನಲ್ಲಿ ಗುಡ್ಡ ಕುಸಿದಿದ್ದು ನೆನಪಿದೆಯಲ್ಲ. ಅದರ ನಂತರ ಮನೆಯ ಹಿಂದೆ ಕಡಿದ ಗುಡ್ಡ ಕಂಡರೆ ನನಗೆ ಹೊಟ್ಟೆಯೊಳಗೇ ಏನೋ ಆಗುತ್ತೆ. ನಿನ್ನ ಮನೆಯ ಹಿಂದೆ ಏನಿದೆ ಅಂತ ನೀನು ಬರೆದೇ ಇಲ್ಲ.


ಶಿರಸಿ ಕಡೆಯವ, 12 ಮೇ 2025

ಕ್ಯಾಶ್ ವಿಷಯ ಮೊದಲು. ಬೇಡ ಅಂದರೆ ಬೇಡ. ಜಾಗ ಮನೆ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವ ಹಾಗಿಲ್ಲ, 2015ರ ಜೂನ್‌ನಿಂದಲೇ. ಸಿಕ್ಕಿಬಿದ್ದರೆ ತಗೊಂಡವರಿಗೆ ಅಷ್ಟೇ ಮೊತ್ತ ದಂಡ. ಇದನ್ನು ಮಾರುವವರಿಗೆ ಮೆತ್ತಗೆ ಹೇಳಿ, ಅರ್ಧ ಉತ್ಸಾಹ ಇಳಿಯುತ್ತೆ. ನಿಮಗಿರುವ ನಷ್ಟ ಬೇರೆ: ಬ್ಯಾಂಕಿನವರು ಕಾಗದದ ಬೆಲೆ ನೋಡಿ ಸಾಲ ಕೊಡುತ್ತಾರೆ. 30 ಲಕ್ಷ ದಾಟಿ 75ರೊಳಗಿನ ಸಾಲಕ್ಕೆ ಬೆಲೆಯ 80% ಮಿತಿ. 15 ಲಕ್ಷ ಕ್ಯಾಶ್ ಎಲ್ಲಿಂದ ತರುತ್ತೀರಿ? ನಿಮ್ಮ ಹತ್ತಿರ ಇರೋದೇ 14.

ಎರಡನೇದು ಕಾಗದ. ಪಂಚಾಯತಿ ಜಾಗ ಅಂದರೆ ಇ-ಸ್ವತ್ತಿನ (ಪಂಚಾಯತಿಯ ಕಂಪ್ಯೂಟರ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಕೇಳಿ. ಜಾಗ ಬಿನ್‌ಶೇತ್ಕಿ (ಕೃಷಿಯೇತರ) ಆಗಿದೆಯಾ, ಆದೇಶದ ಪ್ರತಿ ಇದೆಯಾ ನೋಡಿ. 'ಆಗಿದೆ ಆಗಿದೆ' ಅನ್ನುವುದು ಪ್ರತಿ ಅಲ್ಲ. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಹಳೇ ವರ್ಷಗಳದ್ದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕಾಗುತ್ತೆ. ಹದ್ದುಬಸ್ತು, ಅಂದರೆ ಸರ್ವೆಯವರಿಂದ ಗಡಿ ಅಳತೆ, ಮಾಡಿಸದೆ ಅಡ್ವಾನ್ಸ್ ಕೊಡಬೇಡಿ. ಐದೂವರೆ ಗುಂಟೆ ಅಂದರೆ 5,989 ಚದರಡಿ ಚಿಲ್ಲರೆ ಬರಬೇಕು. ಅಳೆದಾಗ ಬೇಲಿ ಎಲ್ಲಿ ನಿಲ್ಲುತ್ತೆ ನೋಡಿ.

ಇನ್ನು ಸಹಿ. ನಮ್ಮ ಸಂಬಂಧಿಕರೊಬ್ಬರು ನಾಲ್ಕು ಗಂಡುಮಕ್ಕಳ ಸಹಿ ಹಾಕಿಸಿ ಮನೆ ತಗೊಂಡರು. ಮದುವೆಯಾಗಿ ಹೋದ ತಂಗಿ ಒಬ್ಬಳಿದ್ದಳು. "ಅವಳಿಗೆ ಆಗಲೇ ಬಂಗಾರ ಕೊಟ್ಟಾಗಿದೆ" ಅಂದಿದ್ದರು. ಆಕೆ ಕೇಸು ಹಾಕಿದಳು. ತಪ್ಪೇನೂ ಇಲ್ಲ ಬಿಡಿ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂದಿದೆ. ಅಪ್ಪ ಆಗ ಬದುಕಿರಲೇಬೇಕು ಅಂತಲೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ರಿಜಿಸ್ಟರ್ ಆದ ವಾಟ್ನಿ (ಪಾಲು) ಪತ್ರ ಇದ್ದರೆ ಮಾತ್ರ ಲೆಕ್ಕ ಬೇರೆ. ಅದಕ್ಕೇ ಐದೂ ಜನರ ಸಹಿ. ಮಸ್ಕತ್‌ನವರು ಬಾರದಿದ್ದರೆ ಅಲ್ಲಿನ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಮುಖ್ತ್ಯಾರ್ ಪತ್ರ. ಅವರು ಅನಿವಾಸಿಯಾದರೆ ಅವರ ಪಾಲಿನ ಹಣದಲ್ಲಿ ನೀವು ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕು, ಇದಕ್ಕೆ ಒಬ್ಬ ಆಡಿಟರ್ ಹಿಡಿಯಿರಿ.

ಹೊಳೆಗೆ ಎಷ್ಟು ದೂರ? ಉಬ್ಬರದ ನೀರು ಬರುವ ಹೊಳೆಯ ದಡಕ್ಕೂ ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಸಿಆರ್‌ಝಡ್ ಅನ್ವಯಿಸುತ್ತೆ. ಕಟ್ಟುವ ಹಾಗಿಲ್ಲದ ವಲಯದಲ್ಲಿದ್ದರೆ ಹಳೇ ಮನೆಯನ್ನು ಹಳೇ ಅಡಿಪಾಯದಷ್ಟಕ್ಕೇ ರಿಪೇರಿ ಮಾಡಬಹುದು. ಮೇಲೊಂದು ಮಹಡಿಯ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ.


ಠಾಣೆಯಲ್ಲಿರುವ ಹೊನ್ನಾವರದವ, 14 ಮೇ 2025

ನಾನು ಆಚೆ ಕಡೆಯವನು ಅಕ್ಕಾ. ಅಂದರೆ ಮಾರುವವನು. ಹೊನ್ನಾವರದ ಹತ್ತಿರ ಅಪ್ಪ ಕಟ್ಟಿಸಿದ ಮನೆ, ನಾಲ್ಕು ವರ್ಷದಿಂದ ಮಾರಾಟಕ್ಕಿದೆ. ನಮ್ಮ ಬೆಲೆ ಹೇಗೆ ಬಂತು ಗೊತ್ತಾ? ಮಾರುಕಟ್ಟೆ ನೋಡಿ ಅಲ್ಲ. ನಾಲ್ಕು ಜನ ಕೂತೆವು. ದೊಡ್ಡಣ್ಣ "ತಲಾ ಹದಿನೈದಾದರೂ ಬರಬೇಕು" ಅಂದ. ಹಾಗಾಗಿ ಅರವತ್ತು. ನಿಮ್ಮವರ ಲೆಕ್ಕ ನೋಡಿ, 65 ಅಂದರೆ ಐದು ಜನಕ್ಕೆ ತಲಾ 13. ಸರಿಹೋಯ್ತಾ?

ಬೆಲೆ ಇಳಿಸುವ ಮಾತನ್ನು ಮೊದಲು ಯಾರು ಆಡಬೇಕು ಅನ್ನುವುದೇ ಕಷ್ಟ. ನಾನು ಇಳಿಸೋಣ ಅಂದರೆ "ನಿನಗೇನು ದುಡ್ಡಿನ ಅವಸರ?" ಅನ್ನುತ್ತಾರೆ. ಆದ್ದರಿಂದ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದೇವೆ, ಮನೆ ಸೋರುತ್ತಿದೆ. ವರ್ಷ ವರ್ಷ ಮಳೆಗೆ ಮೊದಲು ಹಂಚು ಕೈಯಾಡಿಸಬೇಕು, ಮಂಗ ಒಡೆದದ್ದನ್ನು ಬದಲಿಸಬೇಕು. ಕಳೆದ ಸಲ 22 ಸಾವಿರ ಆಯ್ತು. ಕೊಟ್ಟವನು ನಾನೊಬ್ಬನೇ.

ಫೋನಿನಲ್ಲಿ ಒಬ್ಬೊಬ್ಬರ ಹತ್ತಿರ ಚೌಕಾಸಿ ಮಾಡಬೇಡಿ, ಯಾರೂ ಹೂಂ ಅನ್ನುವುದಿಲ್ಲ. ಚೌತಿಗೆ ಎಲ್ಲರೂ ಊರಿಗೆ ಬರುತ್ತಾರೆ. ಆಗ ಹೋಗಿ. ಗಣಪತಿ ಕೂತಿರುವಾಗ ಬೇಡ, ಕಳಿಸಿದ ಮಾರನೇ ದಿನ. ಮನೆ ಖಾಲಿ ಅನ್ನಿಸುತ್ತಿರುತ್ತೆ, ರೈಲಿನ ಟಿಕೆಟ್ ಆಗಿರುತ್ತೆ. ಐದರಿಂದ ಭಾಗವಾಗುವ ಸಂಖ್ಯೆ ಹೇಳಿ.


ಕಾಜುಬಾಗದ ಟೀಚರ್, 20 ಜುಲೈ 2025

ಎಲ್ಲರಿಗೂ ಥ್ಯಾಂಕ್ಸ್. ಅಂಕೋಲೆ ಅಣ್ಣ, ಹಿಂದೆ ಗುಡ್ಡ ಇಲ್ಲ, ತೆಂಗಿನ ತೋಟ. ಬೇಳೆ ಬೆಂತು. ಸ್ವಲ್ಪ ತಡವಾಗಿ.

ನಿನ್ನೆ ಮಳೆಯಲ್ಲಿ ಹೋಗಿದ್ದೆವು. ಜೂನ್, ಜುಲೈ ಎರಡು ತಿಂಗಳು ಬೋಟುಗಳಿಗೆ ಮೀನುಗಾರಿಕೆ ಬಂದ್, ಇಂಜಿನ್ ಬಿಚ್ಚುವ ಕೆಲಸ ರಾಶಿ. ಆದರೂ ನಮ್ಮವರು ಅರ್ಧ ದಿನ ಬಿಡುವು ಮಾಡಿಕೊಂಡರು. ಅಟ್ಟ ಹತ್ತಿದವರು ಒಂದು ಗಂಟೆ ಇಳಿಯಲಿಲ್ಲ. ಜೇಬಿನ ಸ್ಕ್ರೂಡ್ರೈವರಿನಿಂದ ಹಂಚು ಹೊರುವ ಪಕಾಸುಗಳನ್ನು ಒಂದೊಂದಾಗಿ ಚುಚ್ಚಿ ನೋಡಿದರು. ಕೆಳಗೆ ನನಗೆ ಟಕ್, ಟಕ್, ಟಕ್ ಅಂತ ಕೇಳುತ್ತಿತ್ತು. ಪಶ್ಚಿಮದ ಮೂಲೆಯಲ್ಲಿ ಮಾತ್ರ ಟಕ್ ಅನ್ನಲಿಲ್ಲ. ಸುಮ್ಮನೆ ಒಳಗೆ ಹೋಯಿತು. ಆರು ಪಕಾಸು ಗೆದ್ದಲು ತಿಂದಿದೆ, ಅಲ್ಲಿನ ರೀಪುಗಳೂ ಹೋಗಿವೆ. ಎರಚಲು ಹೊಡೆಯುವ ಗೋಡೆ ಅದು, ಒಳಗಿನ ಗಾರೆ ಸೊಂಟದೆತ್ತರದವರೆಗೆ ಉಬ್ಬಿದೆ. ಉಳಿದ ಮನೆ ಗಟ್ಟಿ. ನಡುಮನೆಯ ಕೆಂಪು ನೆಲದಲ್ಲಿ ಒಂದು ಬಿರುಕಿಲ್ಲ. ಬರಿಗಾಲಲ್ಲಿ ನಿಂತರೆ ತಣ್ಣಗೆ, ಆದರೆ ಒದ್ದೆ ಇಲ್ಲ. ಅಲ್ಲಿ ನಿಂತು ನಾನು ಮನಸ್ಸಿನಲ್ಲೇ ಡೈನಿಂಗ್ ಟೇಬಲ್ ಇಟ್ಟೂ ಆಯ್ತು, ನಮ್ಮವರಿಗೆ ಹೇಳಲಿಲ್ಲ.

ಮರಗೆಲಸದವರನ್ನು ಕೇಳಿದೆವು. ಆ ಮೂಲೆಗೆ ಎರಡೂವರೆ ಲಕ್ಷ ಆಗಬಹುದಂತೆ. ಹೊಳೆಯಿಂದ ದೂರ ಇದೆ, ಸಿಆರ್‌ಝಡ್ ತೊಂದರೆ ಇಲ್ಲ ಅಂತ ಪಂಚಾಯತಿಯಲ್ಲಿ ಹೇಳಿದರು. ಬರವಣಿಗೆಯಲ್ಲಿ ಕೇಳಿದ್ದೇನೆ.


ಶಿರಸಿ ಕಡೆಯವ, 20 ಜುಲೈ 2025

ಬರವಣಿಗೆಯಲ್ಲಿ ಕೇಳಿದ್ದೀರಲ್ಲ, ಈಗ ನನಗೆ ನಿದ್ದೆ ಬರುತ್ತೆ.


ಕಾಜುಬಾಗದ ಟೀಚರ್, 7 ಸೆಪ್ಟೆಂಬರ್ 2025

ಚೌತಿ ಆಗಸ್ಟ್ 27ಕ್ಕಿತ್ತು. ಅವರದ್ದು ಒಂದೂವರೆ ದಿನದ ಗಣಪತಿ. ಕಳಿಸಿದ ಮಾರನೇ ದಿನ, 29ಕ್ಕೆ ಹೋದೆವು. ಠಾಣೆಯ ತಮ್ಮ ಹೇಳಿದ ಹಾಗೇ ಇತ್ತು. ಮಂಟಪ ಬಿಚ್ಚಿ ಜಗಲಿಯಲ್ಲಿ ಒರಗಿಸಿದ್ದರು, ಬ್ಯಾಗುಗಳು ಬಾಗಿಲಲ್ಲಿದ್ದವು. ಮಸ್ಕತ್‌ನವರು ಬಂದಿರಲಿಲ್ಲ, ವಿಡಿಯೋ ಕಾಲ್‌ನಲ್ಲಿದ್ದರು.

ನಾನು ಗೆದ್ದಲಿನ ಫೋಟೋ ತೋರಿಸಿ 45 ಅಂದೆ. ದೊಡ್ಡವರು ಎದ್ದು ಹೊರಗೆ ಹೋದರು. ಇದು ಮುಗೀತು ಅಂದುಕೊಂಡೆ. ಆದರೆ ಅವರ ಅಕ್ಕ, ಅಲ್ಲಿಯವರೆಗೆ ಒಂದು ಮಾತೂ ಆಡದವರು, ಒಳಗಿಂದ ಕರ್ಜಿಕಾಯಿ ತಟ್ಟೆ ತಂದಿಟ್ಟು, "ಮೂರು ವರ್ಷದಿಂದ ಅರವತ್ತೈದು ಅಂತಿದ್ದೀರಿ, ಐದು ರೂಪಾಯಿ ಕಂಡಿದ್ದೀರಾ?" ಅಂತ ತಮ್ಮಂದಿರಿಗೇ ಕೇಳಿದರು. ಆಮೇಲೆ ಮಾತು ಕೊಂಕಣಿಗೆ ಹೊರಳಿತು, ಜೋರಾಯಿತು. ನಮಗೆ ಅರ್ಥವಾಗುವುದಿಲ್ಲ ಅಂದುಕೊಂಡಿದ್ದರೋ ಏನೋ. ಕಾರವಾರದಲ್ಲಿ ಹನ್ನೊಂದು ವರ್ಷ ಇದ್ದವರಿಗೆ ಕೊಂಕಣಿ ಬಾರದೇ ಇರುತ್ತಾ? ನಾನು ಕರ್ಜಿಕಾಯಿ ತಿನ್ನುತ್ತಾ ಕೂತೆ.

47.5ಕ್ಕೆ ನಿಂತಿದೆ. ತಲಾ ಒಂಬತ್ತೂವರೆ. ಪೂರ್ತಿ ಕಾಗದದಲ್ಲಿ, ಕ್ಯಾಶ್ ಇಲ್ಲ. ಅದಾಗಿ ಎರಡೇ ದಿನಕ್ಕೆ, ಆಗಸ್ಟ್ 31ರಿಂದ ನೋಂದಣಿ ಶುಲ್ಕ 1% ಇದ್ದದ್ದು 2% ಆಯ್ತು! ನಮಗೆ 47,500 ಜಾಸ್ತಿ. ಸ್ಟ್ಯಾಂಪ್ ಎಲ್ಲ ಸೇರಿ ಮೂರು ಲಕ್ಷ 63 ಸಾವಿರದ ಹತ್ತಿರ ಬರುತ್ತೆ. ಕಡಿಮೆ ಬೀಳುವುದಕ್ಕೆ ನನ್ನ ಪಾಟಲಿ ಇವೆ, ಅಟ್ಟದ ಮೂಲೆ ಮುಂದಿನ ಬೇಸಿಗೆಗೆ.

ಮಸ್ಕತ್‌ನಿಂದ ಮುಖ್ತ್ಯಾರ್ ಪತ್ರ ಬರಬೇಕು, ಹದ್ದುಬಸ್ತಿಗೆ ಅರ್ಜಿ ಹಾಕಿದ್ದೇವೆ. ಅಲ್ಲಿಯವರೆಗೆ ಅಡ್ವಾನ್ಸ್ ಇಲ್ಲ ಅಂತ ಹೇಳಿ ಬಂದಿದ್ದೇನೆ. ನಾನು ಅಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದರೆ ನಮ್ಮವರು ಹಿತ್ತಿಲಲ್ಲಿ ಬಾವಿಯ ಪಂಪು ಬಿಚ್ಚಿ ಕೂತಿದ್ದರು. ಎರಡು ತಿಂಗಳಿಂದ ನಿಂತಿತ್ತಂತೆ. ಸರಿ ಮಾಡಿ, ಕೈ ತೊಳೆದು, ದುಡ್ಡು ಕೊಡೋಕೆ ಬಂದರೆ ಬೇಡ ಅಂದರು. ದಾರಿಯುದ್ದಕ್ಕೂ ನನಗೆ ಸಿಟ್ಟು. ಇನ್ನೊಂದು ಲಕ್ಷ ಇಳಿಸಿ ಅಂತ ಇನ್ನು ಯಾವ ಬಾಯಲ್ಲಿ ಕೇಳಲಿ?