ಸಾಧು ಬೋವಾ ಈಗ ಬುಸುಗುಟ್ಟುತ್ತಿದೆ: ಸ್ವಭಾವವಾ, ಆರೈಕೆಯ ಕೊರತೆಯಾ?

ಹೊಸಗೂಡು:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಹೆಣ್ಣು ಬೋವಾ ಇದೆ, ಅಂದರೆ ಬೇಟೆಯನ್ನು ಸುತ್ತಿ ಬಿಗಿಯುವ, ವಿಷವಿಲ್ಲದ ಹಾವು; ಇಂಪರೇಟರ್ ಜಾತಿ. ಸಾಕಿದವರ ಬಳಿಯೇ ಹುಟ್ಟಿದ್ದು, ಕಾಡಿನಿಂದ ಹಿಡಿದದ್ದಲ್ಲ. ವಯಸ್ಸು ಎರಡು ವರ್ಷದ ಆಸುಪಾಸು, ಉದ್ದ ನಾಲ್ಕೂವರೆ ಅಡಿ ಇರಬಹುದು. ಇಷ್ಟು ದಿನ ತುಂಬಾ ಸಾಧು. ಕೈಗೆ ತೆಗೆದುಕೊಂಡರೆ ತೋಳು ಸುತ್ತಿಕೊಂಡು ಸುಮ್ನೆ ಇರುತ್ತಿತ್ತು. ಈಚೆಗೆ ಬಾಗಿಲು ಸರಿಸಿದ ಕೂಡಲೇ ಕತ್ತನ್ನು ಹಿಂದಕ್ಕೆ ಮಡಚಿ ನನ್ನ ಕೈಯನ್ನೇ ನೋಡುತ್ತದೆ. ಕೆಲವು ದಿನ ಬುಸುಗುಟ್ಟುತ್ತದೆ. ಒಮ್ಮೆ ಎಗರಿಯೂ ಬಂತು, ಮೂತಿ ಗಾಜಿಗೆ ತಾಗಿತು. ವಾರಕ್ಕೊಂದು ಇಲಿಯನ್ನು ಟ್ಯಾಂಕಿನ ಒಳಗೇ ಕೊಡುತ್ತೇನೆ. "ದೊಡ್ಡದಾದ ಮೇಲೆ ಬೋವಾ ಹಾಗೇನೇ, ಒಳಗಿನ ಗುಣ ಹೊರಗೆ ಬರುತ್ತದೆ" ಎಂದು ಗೆಳೆಯರೊಬ್ಬರು ಹೇಳಿದರು. ನಿಜವಾ?

ದಿಟ್ಟಕೈ:
ಗೆಳೆಯರ ಮಾತು ಅರ್ಧ ಸರಿ. ಮನುಷ್ಯರ ರೂಢಿ ತಪ್ಪಿದರೆ ಹಾವಿಗೆ ಹಳೇ ಗುಣ ಮರಳುತ್ತದೆ. ಅದು ಎಗರಿತು, ನೀವು ಬಾಗಿಲು ಮುಚ್ಚಿದಿರಿ. ಎಗರಿದರೆ ಈ ಕೈ ದೂರ ಹೋಗುತ್ತದೆ ಅಂತ ಅದಕ್ಕೆ ಗೊತ್ತಾಯಿತು. ದಪ್ಪ ಗ್ಲೌಸ್ ಹಾಕಿಕೊಂಡು ದಿನಾ ಹೊರಗೆ ತೆಗೆಯಿರಿ, ಸುಮ್ಮನಾಗುವ ತನಕ ಬಿಡಬೇಡಿ. ಊಟವನ್ನು ಬೇರೆ ಡಬ್ಬದಲ್ಲಿ ಕೊಡಿ. ಇಲ್ಲದಿದ್ದರೆ ಬಾಗಿಲು ತೆಗೆದಾಗಲೆಲ್ಲ ಇಲಿ ಬಂತು ಅಂದುಕೊಳ್ಳುತ್ತದೆ.

ಸಿಂಬೆ:
ದಿಟ್ಟಕೈ ಅವರೇ, ಬಾಗಿಲು ಅಂದರೆ ಊಟ ಅಂತ ಹಾವು ಕಲಿಯುವುದು ನಿಜ. ಆದರೆ ಡಬ್ಬ ಅದಕ್ಕೆ ಪರಿಹಾರವಲ್ಲ. ಇಲಿಯ ವಾಸನೆ ಹಿಡಿದು ಕಾಯುತ್ತಿರುವ ಹಾವನ್ನು ಎತ್ತುವುದು, ನುಂಗಿದ ಮೇಲೆ ಮತ್ತೆ ಎತ್ತಿ ವಾಪಸ್ ಬಿಡುವುದು, ಎರಡೂ ಕೈ ಕೊಟ್ಟು ಕಚ್ಚಿಸಿಕೊಂಡ ಹಾಗೆ. ಮೇಲಾಗಿ ಬೋವಾಗಳು ನುಂಗಿದ್ದನ್ನು ಕಕ್ಕುವುದು ಜಾಸ್ತಿ. ಊಟವಾದ ಮೇಲೆ ಕನಿಷ್ಠ 48 ಗಂಟೆ ಮುಟ್ಟಲೇಬಾರದು.

ಹೊಸಗೂಡು ಅವರೇ, ನೀವು ಎರಡು ಬೇರೆ ಬೇರೆ ವರ್ತನೆಗಳನ್ನು ಒಂದೇ ಅಂದುಕೊಂಡ ಹಾಗಿದೆ. ಹಸಿದ ಬೋವಾ ಸದ್ದು ಮಾಡುವುದಿಲ್ಲ. ತಲೆ ಮುಂದೆ ಚಾಚಿ, ನಾಲಿಗೆಯನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸುತ್ತಾ, ಕೈ ಎತ್ತ ಹೋದರೆ ಅತ್ತ ತಿರುಗುತ್ತದೆ. ಹೆದರಿದ್ದು ಹಾಗಲ್ಲ. ಮೈಯನ್ನೆಲ್ಲ ಬಿಗಿಯಾಗಿ ಸಿಂಬೆ ಸುತ್ತಿಕೊಂಡು, ಉಸಿರು ತುಂಬಿ ಉಬ್ಬುತ್ತದೆ. ಆ ಉಸಿರು ಬಿಡುವಾಗಲೇ ಬುಸ್ ಎನ್ನುವ ಸದ್ದು. ಬೋವಾದ ಬುಸುಗುಟ್ಟುವಿಕೆ ಪಕ್ಕದ ಕೋಣೆಗೂ ಕೇಳಿಸುತ್ತದೆ.

ಹಸಿವಿನ ಗೊಂದಲಕ್ಕೆ ಹಾವು ಎತ್ತುವ ಉದ್ದ ಕೊಕ್ಕೆ ಸಾಕು. ಬಾಗಿಲು ತೆಗೆದು, ಕೈ ಹಾಕುವ ಮೊದಲು ಕೊಕ್ಕೆಯಿಂದ ಮೈ ಮೇಲೆ ಮೆಲ್ಲಗೆ ತಟ್ಟಿ, ಕತ್ತಿನ ಪಕ್ಕ ಸವರಿ. ಕೊಕ್ಕೆ ತಾಗಿದರೆ ಊಟವಿಲ್ಲ, ಇಕ್ಕಳದಲ್ಲಿ ಇಲಿ ಬಂದರೆ ಊಟ. ಪ್ರತಿ ಸಲವೂ ಹೀಗೇ ಮಾಡಿದರೆ ಹಾವು ಇದನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಕೈಯಲ್ಲಿ ಇಲಿಯ ವಾಸನೆ ಇರಬಾರದು, ಸೋಪು ಹಾಕಿ ತೊಳೆದೇ ಹೋಗಿ. ಹಾವನ್ನು ಮುಟ್ಟಿದ ಮೇಲೂ ತೊಳೆಯಿರಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಹೆದರಿಕೆಗೆ ಮಾತ್ರ ಕಾರಣ ಹುಡುಕಬೇಕು. ಗ್ಲೌಸ್ ಹಾಕಿ ಒತ್ತಿ ಹಿಡಿದರೆ ಹೆದರಿಕೆ ಹೋಗುವುದಿಲ್ಲ, ಸುಸ್ತಾಗಿ ಸುಮ್ಮನಾಗುತ್ತದೆ ಅಷ್ಟೇ.

ತಣ್ಣನೆತ್ತರು:
ಸ್ವಭಾವದ ಮಾತು ಆಮೇಲೆ. ಮೊದಲು ಇವು ಹೇಳಿ: ಬಿಸಿ ಜಾಗದಲ್ಲಿ ಎಷ್ಟು ಡಿಗ್ರಿ, ತಂಪು ಕಡೆ ಎಷ್ಟು? ತೇವಾಂಶ ಎಷ್ಟು? ಅಡಗಿ ಕೂರಲು ಎಷ್ಟು ಜಾಗ ಇದೆ? ಬುಸುಗುಟ್ಟುವ ದಿನಗಳಲ್ಲಿ ಕಣ್ಣು ಹೇಗಿರುತ್ತದೆ?

ಹೊಸಗೂಡು:
ಬಿಸಿ ಕಡೆ 32, ತಂಪು ಕಡೆ 26. ಥರ್ಮೋಸ್ಟಾಟ್ ಇದೆ. ತೇವಾಂಶ ಶೇಕಡಾ 40ರ ಮೇಲೆ ಹೋಗುವುದು ಕಡಿಮೆ. ಅಡಗಲು ಒಂದು ಗೂಡು, ಬಿಸಿ ಕಡೆ. ಕಣ್ಣಿನ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಈಗ ಹೋಗಿ ನೋಡಿದೆ, ಎರಡೂ ಕಣ್ಣು ಮಂಜು ಕವಿದ ಹಾಗೆ ಬೂದು ನೀಲಿ. ಇವತ್ತು ಬುಸುಗುಟ್ಟಿತು ಕೂಡ.

ತಣ್ಣನೆತ್ತರು:
ಅರ್ಧ ಉತ್ತರ ಅಲ್ಲೇ ಇದೆ. ಅದು ಪೊರೆ ಬಿಡಲು ತಯಾರಾಗುತ್ತಿದೆ. ಹಳೇ ಪೊರೆ ಮತ್ತು ಹೊಸದರ ನಡುವೆ ದ್ರವ ತುಂಬಿಕೊಂಡಾಗ ಕಣ್ಣು ಹಾಗೆ ಕಾಣುತ್ತದೆ. ಆಗ ಹಾವಿಗೆ ಸರಿಯಾಗಿ ಕಾಣಿಸುವುದಿಲ್ಲ, ಮುಟ್ಟಿದರೆ ಸೇರುವುದೂ ಇಲ್ಲ. ಕಣ್ಣು ತಿಳಿಯಾಗಿ ಪೊರೆ ಕಳಚುವ ತನಕ ಕೈ ಹಾಕಬೇಡಿ.

ಬಿಸಿ ಸರಿಯಾಗಿದೆ. ರಾತ್ರಿ 24ಕ್ಕಿಂತ ಕೆಳಗೆ ಹೋಗದ ಹಾಗೆ ನೋಡಿಕೊಳ್ಳಿ. ತೇವಾಂಶ 40 ಸಾಲದು, 55ರಿಂದ 70 ಇರಲಿ. ಒಣಗಾಳಿಯಲ್ಲಿ ಪೊರೆ ಒಂದೇ ತುಂಡಾಗಿ ಬರುವುದಿಲ್ಲ, ಬಾಲದ ತುದಿಯಲ್ಲೂ ಕಣ್ಣಿನ ಮೇಲೂ ಅಂಟಿಕೊಂಡು ಉಳಿಯುತ್ತದೆ. ದೊಡ್ಡ ನೀರಿನ ಪಾತ್ರೆ ಇಡಿ, ಒದ್ದೆ ಪಾಚಿ ತುಂಬಿದ ಒಂದು ಡಬ್ಬ ಇಡಿ. ಇನ್ನು ಗೂಡು. ತಂಪು ಬೇಕಾದಾಗ ಅದು ಬಯಲಲ್ಲಿ ಮಲಗಬೇಕಾಗಿದೆ, ಅಲ್ವಾ? ಅಡಗಲು ಜಾಗವಿಲ್ಲದ ಹಾವು ಎದುರು ನಿಲ್ಲುತ್ತದೆ. ಎರಡೂ ಕಡೆ, ಮೈ ತಾಗುವಷ್ಟು ಬಿಗಿಯಾದ ಗೂಡು ಬೇಕು.

ಮಳೆಕಾಡು:
ಎಲ್ಲವನ್ನೂ ಆರೈಕೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಹುಟ್ಟುಗುಣ ಅನ್ನುವುದು ಇದೆ. ಅಮೆಜಾನ್ ಮರಬೋವಾ ಎಷ್ಟು ಚೆನ್ನಾಗಿ ನೋಡಿಕೊಂಡರೂ ಕಚ್ಚುವುದರಲ್ಲಿ ಮುಂದು. ಮಳೆಬಿಲ್ಲು ಬೋವಾದ ಮರಿಗಳು ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತವೆ, ಬೆಳೆದಂತೆ ಎಷ್ಟೋ ಸಮಾಧಾನವಾಗುತ್ತವೆ. ಇಂಪರೇಟರ್ ಮಾತ್ರ ಸಾಮಾನ್ಯವಾಗಿ ತಾಳ್ಮೆಯ ಪ್ರಾಣಿ, ಹಾಗಾಗಿಯೇ ಇಷ್ಟು ಜನ ಸಾಕುವುದು. ಒಂದೇ ಸೂಲಿನ ಮರಿಗಳಲ್ಲೂ ಒಂದು ಮುಂಗೋಪಿ, ಒಂದು ಸಾಧು. ಬೋವಾ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಹುಟ್ಟಿದ ಗಳಿಗೆಯಿಂದ ತಾಯಿಯ ಕಾವಲಿಲ್ಲ, ಪ್ರತಿ ಮರಿಯೂ ತನ್ನನ್ನು ತಾನೇ ಉಳಿಸಿಕೊಳ್ಳಬೇಕು. ಮರಿ ಕಚ್ಚಲು ಬಂದರೆ ಅದನ್ನು ಕೆಟ್ಟ ಸ್ವಭಾವ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ "ದೊಡ್ಡದಾದ ಮೇಲೆ ಕೆಡುತ್ತದೆ" ಅನ್ನುವ ಮಾತನ್ನು ಒಪ್ಪಲಾರೆ. ಇಂಪರೇಟರ್‌ನಲ್ಲಿ ನಾನು ಕಂಡದ್ದು ಅದರ ಉಲ್ಟಾ.

ಪ್ರಾಣಿವೈದ್ಯೆ:
ಊಟದ ಬಗ್ಗೆ ಯಾರೂ ಕೇಳಲಿಲ್ಲ. ಈ ಗಾತ್ರದ ಬೋವಾಗೆ ವಾರಕ್ಕೊಂದು ಇಲಿ ಜಾಸ್ತಿಯಾಯಿತು. ಎರಡು ಮೂರು ವಾರಕ್ಕೊಂದು ಸಾಕು, ಪೂರ್ತಿ ಬೆಳೆದ ಮೇಲೆ ಇನ್ನೂ ಅಪರೂಪ. ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗವನ್ನು ಮೀರಬಾರದು. ಬೋವಾದ ದೇಹ ನಿಧಾನಗತಿಯದ್ದು. ಜಾಸ್ತಿ ತಿಂದದ್ದು ಕೊಬ್ಬಾಗಿ ಒಳಗಿನ ಅಂಗಗಳಿಗೆ ಸೇರುತ್ತದೆ, ಲಿವರ್ ಹಾಳಾಗುತ್ತದೆ. ಹೊರಗಿನಿಂದ ಹಾವು ದಷ್ಟಪುಷ್ಟವಾಗಿ ಚೆಂದ ಕಾಣುತ್ತಿರುತ್ತದೆ, ಅದೇ ಕಷ್ಟ. ಪದೇ ಪದೇ ಊಟ ಕೊಟ್ಟರೆ ಬಾಗಿಲು ಕಂಡಾಗ ಕಾಯುವ ರೂಢಿಯೂ ಗಟ್ಟಿಯಾಗುತ್ತದೆ.

ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಉಸಿರಿನಲ್ಲಿ ಗೊರಗೊರ ಸದ್ದು ಕಂಡರೆ ಅದು ಕೋಪವಲ್ಲ, ಕಾಯಿಲೆ. ಕೂಡಲೇ ವೈದ್ಯರಿಗೆ ತೋರಿಸಿ. ತಲೆಯನ್ನು ಕಾರಣವಿಲ್ಲದೆ ಮೇಲಕ್ಕೆ ಎತ್ತಿಟ್ಟುಕೊಳ್ಳುವುದು, ಬೆನ್ನ ಮೇಲೆ ಮಗುಚಿದರೆ ತಿರುಗಲು ಒದ್ದಾಡುವುದು, ಮೇಲಿಂದ ಮೇಲೆ ಕಕ್ಕುವುದು ಇದ್ದರೆ ಐಬಿಡಿ (ಇನ್‌ಕ್ಲೂಷನ್ ಬಾಡಿ ಡಿಸೀಸ್) ಎಂಬ ರೋಗದ ಸಂಶಯ ಬರಬೇಕು. ಅದರ ಹಿಂದೆ ಅರೆನಾವೈರಸ್ ಗುಂಪಿನ ವೈರಸ್ ಇದೆ ಎಂಬುದಕ್ಕೆ 2012ರಲ್ಲಿ ಆಧಾರ ಸಿಕ್ಕಿತು. ಔಷಧ ಇಲ್ಲ. ಸೋಂಕು ತಗುಲಿದ ಬೋವಾ ವರ್ಷಗಟ್ಟಲೆ ಆರೋಗ್ಯವಾಗಿಯೇ ಕಾಣಬಹುದು. ಅದಕ್ಕೇ ಹೊಸ ಹಾವು ತಂದರೆ ಮೂರು ತಿಂಗಳಾದರೂ ಬೇರೆ ಕೋಣೆಯಲ್ಲಿ ಇಡಿ, ಮೈಯಲ್ಲಿ ನುಸಿ ಇದೆಯಾ ನೋಡಿ, ಸಾಧ್ಯವಾದರೆ ರಕ್ತ ಪರೀಕ್ಷೆ ಮಾಡಿಸಿ.

ಬಯಲುಹಾದಿ:
ನನ್ನ ಮಾತು ಯಾರಿಗೂ ಇಷ್ಟವಾಗಲಿಕ್ಕಿಲ್ಲ. ಇಷ್ಟೆಲ್ಲ ಬೇಕಾದ ಪ್ರಾಣಿಯನ್ನು ಮನೆಯಲ್ಲಿ ಯಾಕೆ ಇಡಬೇಕು? ಅದಕ್ಕೆ ನಿಮ್ಮ ಮೇಲೆ ಪ್ರೀತಿಯಂತೂ ಇಲ್ಲ. ಕೈ ಸುತ್ತಿಕೊಳ್ಳುವುದು ಬೀಳಬಾರದು ಅಂತ.

ಸಿಂಬೆ:
ಬಯಲುಹಾದಿ ಅವರೇ, ಕೈ ಸುತ್ತಿಕೊಳ್ಳುವುದು ಪ್ರೀತಿಯಲ್ಲ, ಅದು ಒಪ್ಪುವ ಮಾತು. ಬೋವಾ ನಮ್ಮನ್ನು ಸಹಿಸಿಕೊಳ್ಳುತ್ತದೆ, ಅಷ್ಟನ್ನೇ ಕೇಳಬೇಕು. ಇಪ್ಪತ್ತೈದು ಮೂವತ್ತು ವರ್ಷ ಬದುಕುವ, ಆರರಿಂದ ಎಂಟು ಅಡಿ ಬೆಳೆಯುವ ಹೆಣ್ಣು ಬೋವಾವನ್ನು ಮರಿಯ ಚೆಂದ ನೋಡಿ ತರುವವರೇ ಜಾಸ್ತಿ. ಅಂಥವರು ತರಬಾರದು ಎಂದು ನಾನೂ ಹೇಳುತ್ತೇನೆ. ಆದರೆ ಈ ಹಾವು ಈಗಾಗಲೇ ಒಬ್ಬರ ಮನೆಯಲ್ಲಿದೆ. ಅದರ ಗೂಡು, ನೀರು, ಬಿಸಿ ಸರಿಯಾಗಬೇಕು. ಕಾಡಿಗೆ ಬಿಡುವುದು ಪರಿಹಾರವಲ್ಲ. ಅರೂಬಾ ದ್ವೀಪದಲ್ಲಿ ಹೊರಗಿನಿಂದ ಬಂದ ಬೋವಾಗಳು ಅಲ್ಲಿಯ ಹಕ್ಕಿ, ಹಲ್ಲಿಗಳನ್ನು ತಿಂದು ಬೆಳೆಯುತ್ತಿವೆ.

ದಿಟ್ಟಕೈ:
ಪೊರೆಯ ಸಮಯದಲ್ಲಿ ಬಿಡಬೇಕು, ಒಪ್ಪಿದೆ. ಆದರೆ ಪೊರೆ ಕಳಚಿದ ಮೇಲೂ ಮುಟ್ಟದೆ ಇದ್ದರೆ ಹಾವು ದೂರವಾಗುತ್ತದೆ, ಆ ಮಾತಿಗೆ ನಾನು ಈಗಲೂ ಗಟ್ಟಿ. ಅಡಿಗಟ್ಟಲೆ ಬೆಳೆದ ಮೇಲೆ ಅಭ್ಯಾಸ ಮಾಡಿಸುವುದು ಸುಲಭವಲ್ಲ.

ಸಿಂಬೆ:
ಅದು ನಿಜ. ದಿನಾ ಬೇಡ, ವಾರಕ್ಕೆ ಎರಡು ಸಲ, ಹತ್ತು ಹದಿನೈದು ನಿಮಿಷ ಸಾಕು. ಸಮಾಧಾನವಾಗಿರುವಾಗಲೇ ವಾಪಸ್ ಬಿಡಬೇಕು.

ಹೊಸಗೂಡು:
ಇನ್ನೊಂದು ಗೂಡು ಇವತ್ತೇ ಇಡುತ್ತೇನೆ, ಊಟವನ್ನು ಎರಡೂವರೆ ವಾರಕ್ಕೆ ತಳ್ಳುತ್ತೇನೆ. ಒಂದು ಭಯ ಉಳಿದಿದೆ. ಕಚ್ಚಿ ಹಿಡಿದುಕೊಂಡರೆ ಏನು ಮಾಡಬೇಕು?

ಪ್ರಾಣಿವೈದ್ಯೆ:
ಎಳೆಯಬೇಡಿ. ಹಲ್ಲುಗಳು ಒಳಮುಖವಾಗಿ ಬಾಗಿವೆ. ಎಳೆದರೆ ನಿಮ್ಮ ಚರ್ಮ ಹರಿಯುತ್ತದೆ, ಅದರ ಹಲ್ಲು ಮುರಿದು ಬಾಯಿ ಹುಣ್ಣಾಗುತ್ತದೆ. ವಿಷವಿಲ್ಲ, ಹೆದರಬೇಡಿ. ತಲೆಯ ಮೇಲೆ ತಣ್ಣೀರು ಬಿಡಿ, ಸಾಮಾನ್ಯವಾಗಿ ಬಿಡುತ್ತದೆ. ಸುತ್ತಿಕೊಂಡಿದ್ದರೆ ಬಾಲದ ಕಡೆಯಿಂದ ಬಿಡಿಸುತ್ತಾ ಬನ್ನಿ. ಗಾಯವನ್ನು ಸೋಪಿನಿಂದ ತೊಳೆದು ನಿಮ್ಮ ವೈದ್ಯರಿಗೆ ತೋರಿಸಿ. ಹಾವು ಆರು ಅಡಿ ದಾಟಿದ ಮೇಲೆ ಒಬ್ಬರೇ ಇರುವಾಗ ಹೊರಗೆ ತೆಗೆಯಬೇಡಿ, ಕುತ್ತಿಗೆಗಂತೂ ಹಾಕಿಕೊಳ್ಳಲೇಬೇಡಿ. ಬೋವಾ ಬಿಗಿದಾಗ ರಕ್ತ ಓಡುವುದೇ ನಿಲ್ಲುತ್ತದೆ ಎಂದು 2015ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನ ತೋರಿಸಿತು. ಉಸಿರುಗಟ್ಟುವುದಕ್ಕೂ ಮೊದಲೇ, ಕೆಲವೇ ಸೆಕೆಂಡುಗಳಲ್ಲಿ.