ಓದುಗರ ಸ್ಪಂದನ: ಈ ಹಳೆ ಹಾಯಿದೋಣಿ ಕೊಳ್ಳಲೋ, ಬೇಡವೋ?

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಕೇಳಿದ್ದರು: 1970ರ ದಶಕದ, 28 ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿ ತೀರಾ ಅಗ್ಗಕ್ಕೆ ಬಂದಿದೆ. ಡೆಕ್, ಅಂದರೆ ಮೇಲೆ ಓಡಾಡುವ ಹಾಸು, ಒಂದು ಕಡೆ ಕಾಲಿಗೆ ಮೆತ್ತಗೆ ಸಿಗುತ್ತದೆ. ಎಂಜಿನ್ ಮೂರು ವರ್ಷದಿಂದ ಚಾಲೂ ಆಗಿಲ್ಲ. ‘ಸಣ್ಣಪುಟ್ಟ ರಿಪೇರಿ ಅಷ್ಟೇ’ ಎನ್ನುತ್ತಾರೆ ಮಾರುವವರು. ಏನು ಮಾಡಲಿ?

*

‘ಡೆಕ್ ಮೆತ್ತಗಿದೆ’ ಎಂಬುದನ್ನು ಓದಿ ಹೊಟ್ಟೆಯಲ್ಲಿ ಕಲಸಿದಂತಾಯಿತು. ನಾನೂ ಅದನ್ನೇ ಕೇಳಿ, ತಲೆಯಾಡಿಸಿ, ದುಡ್ಡು ಎಣಿಸಿ ಕೊಟ್ಟವನು.

ಆ ಕಾಲದ ಹೆಚ್ಚಿನ ದೋಣಿಗಳ ಡೆಕ್ ಇಡಿಯಾಗಿ ಫೈಬರ್‌ಗ್ಲಾಸ್ ಅಲ್ಲ. ಮೇಲೊಂದು, ಕೆಳಗೊಂದು ಪದರ. ನಡುವೆ ಬಾಲ್ಸಾ ಮರವೋ ಪ್ಲೈವುಡ್ಡೋ ಇರುತ್ತದೆ. ಕಂಬಿ, ಹಗ್ಗ ಕಟ್ಟುವ ಕ್ಲೀಟ್, ಹಗ್ಗ ಎಳೆಯುವ ವಿಂಚ್ ಕೂರಿಸಲು ಡೆಕ್ಕಿಗೆ ತೂತು ಕೊರೆದಿರುತ್ತಾರೆ. ಆ ತೂತುಗಳಿಗೆ ನೀರು ಇಳಿಯದಂತೆ ಮೆತ್ತಿದ ಸೀಲೆಂಟ್ ವರ್ಷ ಕಳೆದಂತೆ ಒಣಗಿ ಬಿಟ್ಟುಕೊಳ್ಳುತ್ತದೆ. ಮಳೆನೀರು ಒಳಗಿಳಿಯುತ್ತದೆ, ಹೊರಬರಲು ದಾರಿ ಇಲ್ಲ. ಮರ ಕೊಳೆಯುತ್ತದೆ. ಮೇಲೆ ಬಣ್ಣ ಮಾತ್ರ ಹೊಳೆಯುತ್ತಲೇ ಇರುತ್ತದೆ. ಕಾಲಿಗೆ ಗೊತ್ತಾಗುವ ಹೊತ್ತಿಗೆ ಕೊಳೆತ ಜಾಗ ಹೆಜ್ಜೆಗಿಂತ ಎಷ್ಟೋ ಅಗಲವಾಗಿರುತ್ತದೆ.

ಪ್ಲಾಸ್ಟಿಕ್ ತಲೆಯ ಪುಟ್ಟ ಸುತ್ತಿಗೆಯಿಂದ ಡೆಕ್ ಪೂರ್ತಿ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಇದ್ದಲ್ಲಿ ‘ಟಣ್’ ಎನ್ನುತ್ತದೆ. ಕೊಳೆತಲ್ಲಿ ಒದ್ದೆ ರಟ್ಟು ಬಡಿದ ಹಾಗೆ ‘ದಬ್’. ದನಿ ಬದಲಾದಲ್ಲೆಲ್ಲ ಸೀಮೆಸುಣ್ಣದ ಗೆರೆ ಎಳೆಯಿರಿ. ನಾನಿದನ್ನು ಮಾಡಿದ್ದು ಕೊಂಡ ಮೇಲೆ! ಎದ್ದು ನಿಂತು ನೋಡಿದರೆ ಮುಂಭಾಗದ ಅರ್ಧ ಡೆಕ್ ಗೆರೆಯೊಳಗಿತ್ತು. ಮೇಲಿನ ಪದರ ಕತ್ತರಿಸು, ಕೊಳೆತದ್ದನ್ನು ಕೆರೆ, ಒಣಗಿಸು, ಹೊಸ ಮರ ಅಂಟಿಸು, ಎಪಾಕ್ಸಿ ಅಂಟು ಬಳಿ, ಉಜ್ಜು. ಎರಡು ಬೇಸಿಗೆ ಹೋಯಿತು. ಒಂದು ದಿನವೂ ಹಾಯಿ ಬಿಚ್ಚಲಿಲ್ಲ.

ನಿಮ್ಮ ಗೆರೆ ಅಂಗೈಯಗಲ ಇದ್ದರೆ ಧೈರ್ಯ ಮಾಡಿ. ಮಾಸ್ಟ್, ಅಂದರೆ ಹಾಯಿಕಂಬದ ಬುಡದಲ್ಲಿ, ಅಥವಾ ಮಾಸ್ಟನ್ನು ಹಿಡಿದ ತಂತಿಗಳು ಡೆಕ್ಕಿಗೆ ಬರುವಲ್ಲಿ ‘ದಬ್’ ಎಂದರೆ ಬಿಟ್ಟುಬಿಡಿ. ಹಾಯಿ, ಮಾಸ್ಟಿನ ಭಾರವೆಲ್ಲ ಜಗ್ಗುವುದು ಅಲ್ಲೇ.

— ಎರಡು ಬೇಸಿಗೆ ಕಳೆದುಕೊಂಡವನು

*

ಮೂರು ವರ್ಷ ನಿಂತ ಎಂಜಿನ್ ಕೆಟ್ಟಿದೆ ಅಂತಲೇ ಲೆಕ್ಕ ಹಾಕಿ. ಓಡಿದರೆ ಲಾಭ. ಆಯಿಲ್ ಕಡ್ಡಿ ಎಳೆದು ನೋಡಿ: ಹಾಲು ಬೆರೆಸಿದಂತಿದ್ದರೆ ಒಳಗೆ ನೀರು ಹೊಕ್ಕಿದೆ. ಮಾರುವವರು ‘ಬನ್ನಿ, ಚಾಲೂ ಮಾಡಿ ತೋರಿಸುತ್ತೇನೆ’ ಎಂದರೆ ಮೊದಲು ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಒಂದು ಸುತ್ತು ಒದ್ದಾಟ ಮುಗಿದಿದೆ ಎಂದರ್ಥ. ತಣ್ಣಗಿರುವಾಗ ಹೊತ್ತಿಕೊಳ್ಳಬೇಕು.

— ಗ್ರೀಸ್ ಕೈ

*

ದೋಣಿಯ ಬೆಲೆಯನ್ನು ಎಲ್ಲರೂ ಕೇಳುತ್ತಾರೆ, ಅದನ್ನು ಇಟ್ಟುಕೊಳ್ಳುವ ಬೆಲೆ ಯಾರೂ ಕೇಳುವುದಿಲ್ಲ. ಕಟ್ಟುವ ಜಾಗದ ಬಾಡಿಗೆ, ವಿಮೆ, ತಳಕ್ಕೆ ಪಾಚಿ ಹಿಡಿಯದಂತೆ ಆಗಾಗ ಬಳಿಯುವ ಬಣ್ಣ, ಇವೆಲ್ಲ ನೀವು ದೋಣಿ ಹತ್ತಿದರೂ ಹತ್ತದಿದ್ದರೂ ಇದ್ದದ್ದೇ. ‘ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎನ್ನುವ ಮಾತು ದೋಣಿಗೆ ನಡೆಯದು. ಬೇಡವಾದ ದೋಣಿಯನ್ನು ಒಡೆದು ಎಸೆಯುವುದಕ್ಕೂ ದುಡ್ಡು ಬೇಕು.

ದೋಣಿ ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್ ಒಬ್ಬರನ್ನು ನೀವೇ ಗೊತ್ತುಮಾಡಿ. ಮಾರುವವರು ಹೇಳಿದವರು ಬೇಡ. ದೋಣಿಯನ್ನು ನೀರಿನಿಂದ ಮೇಲೆತ್ತಿಸಿ ನೋಡಲಿ. ಕೀಲ್ (ತಳದಿಂದ ನೀರೊಳಕ್ಕೆ ಇಳಿದಿರುವ ಭಾರದ ರೆಕ್ಕೆ) ದೋಣಿಗೆ ಕೂಡುವಲ್ಲಿ ಬಿರುಕಿದೆಯಾ, ಚುಕ್ಕಾಣಿಯೊಳಗೆ ನೀರು ನಿಂತಿದೆಯಾ, ತಳದಲ್ಲಿರುವ ಹಿತ್ತಾಳೆ ವಾಲ್ವ್‌ಗಳು ನಸುಗೆಂಪಾಗಿವೆಯಾ? ಹಾಗಾಗಿದ್ದರೆ ಅವುಗಳಲ್ಲಿನ ಸತು ಕರಗಿ ಹೋಗಿದೆ, ಒಂದು ಏಟಿಗೆ ಮುರಿಯಬಹುದು. ಮಾಸ್ಟಿನ ತಂತಿಗಳು ಯಾವಾಗಿನವು ಎಂದೂ ಕೇಳಿ. 10–15 ವರ್ಷ ದಾಟಿದ್ದರೆ ಎಷ್ಟೋ ವಿಮೆಯವರು ಬದಲಿಸಿ ಅನ್ನುತ್ತಾರೆ, ಅದು ಸಣ್ಣ ಖರ್ಚಲ್ಲ. ತಳದಲ್ಲಿ ನಾಲ್ಕಾರು ಬೊಬ್ಬೆ ಎದ್ದಿದ್ದರೆ ಮಾತ್ರ ಗಾಬರಿ ಬೀಳಬೇಡಿ. ನೋಡಲು ಅಸಹ್ಯ, ಸಾಮಾನ್ಯವಾಗಿ ಅದರಿಂದ ದೋಣಿ ಮುಳುಗುವುದಿಲ್ಲ.

ಒಪ್ಪಂದದಲ್ಲಿ ‘ಸರ್ವೆ ಆದ ಮೇಲೆಯೇ ಖಾತ್ರಿ’ ಎಂದು ಬರೆಸಿ. ದೋಣಿಯ ಮೇಲೆ ಸಾಲ ಬಾಕಿ ಇದೆಯೇ ಅಂತಲೂ ಕಾಗದ ನೋಡಿ.

— ಲೆಕ್ಕದ ಪುಸ್ತಕ ಇಟ್ಟವಳು

*

ಎಲ್ಲರೂ ಹೆದರಿಸುತ್ತಿದ್ದಾರೆ ಅಲ್ವಾ? ನಾನು ಕೊಳ್ಳಿ ಎನ್ನುತ್ತೇನೆ. ಆಗಿನ ಎಷ್ಟೋ ದೋಣಿಗಳ ಒಡಲನ್ನು ದಪ್ಪಗೆ ಕಟ್ಟಿದ್ದಾರೆ. ನನ್ನದು ನನಗಿಂತ ಗಟ್ಟಿ. ಆದರೆ ನನಗೆ ಮರಳು ಕಾಗದ ಹಿಡಿದು ಉಜ್ಜುವುದೇ ಖುಷಿ. ದೋಣಿ ದಡದಲ್ಲಿದ್ದರೂ ಭಾನುವಾರ ಸಾರ್ಥಕ ಅನ್ನಿಸುತ್ತದೆ. ನಿಮಗೆ ಹಾಗೆ ಅನ್ನಿಸದಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟು, ಬೇರೆ ಯಾರೋ ನನ್ನಂಥವನು ಉಜ್ಜಿ, ಹೊಸ ಹಾಯಿ ಹಾಕಿಸಿ, ಸುಸ್ತಾಗಿ ಮಾರುತ್ತಿರುವ ದೋಣಿ ಹುಡುಕಿ. ಅವನು ಹಾಕಿದ ದುಡ್ಡಿನಲ್ಲಿ ಅರ್ಧವೂ ಬೆಲೆಯಲ್ಲಿ ವಾಪಸ್ ಬರುವುದು ಕಷ್ಟ. ಉಳಿದದ್ದು ನಿಮಗೆ ಲಾಭ. ನನ್ನದನ್ನು ಕೇಳಬೇಡಿ, ಕೊಡುವುದಿಲ್ಲ.

— ಮರಳು ಕಾಗದದ ಹುಚ್ಚ

*

ನಿಮ್ಮ ಪತ್ರ ಎರಡು ಸಲ ಓದಿದೆ. ಡೆಕ್ ಇದೆ, ಎಂಜಿನ್ ಇದೆ, ಬೆಲೆ ಇದೆ. ನೀವು ಈವರೆಗೆ ಯಾರದಾದರೂ ಹಾಯಿದೋಣಿಯಲ್ಲಿ ಎಷ್ಟು ದಿನ ಕಳೆದಿದ್ದೀರಿ ಎಂಬುದು ಎಲ್ಲೂ ಇಲ್ಲ. ಒಂದು ಬೇಸಿಗೆ ಬೇರೆಯವರ ದೋಣಿಯಲ್ಲಿ ಹಗ್ಗ ಎಳೆಯಲು ಹೋಗಿ. ಕೈ ಬೇಕಾದವರು ಯಾವಾಗಲೂ ಇರುತ್ತಾರೆ. ಆ ಅಗ್ಗದ ದೋಣಿ, ಆಗಲೂ ಅಲ್ಲೇ ಕಟ್ಟಿಕೊಂಡಿರುತ್ತದೆ ನೋಡಿ.

— ಇನ್ನೂ ಸ್ವಂತ ದೋಣಿ ಇಲ್ಲದವಳು