ದೊಡ್ಡಪ್ಪನ ಉಸಿರು, ಗೋಡೆ ಮೇಲಿನ ಕ್ಯಾಲೆಂಡರ್

ಅಕ್ಕ, ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ದೊಡ್ಡಪ್ಪ ಗುರುವಾರ ಡಿಸ್ಚಾರ್ಜ್ ಆಗಿ ಮನೆಗೆ ಬಂದರು ಅಂತ ಕೇಳಿ ಸಮಾಧಾನವಾಯಿತು. ಈ ವರ್ಷ ಇದು ಎರಡನೇ ಸಲ ಆಸ್ಪತ್ರೆ, ಇನ್ನೊಂದು ಸಲ ಹೀಗಾದರೆ ಅಪ್ಪ ತಡೆದುಕೊಳ್ಳಲ್ಲ ಅಂದೆಯಲ್ಲ, ಆ ಮಾತು ಇನ್ನೂ ಕಿವಿಯಲ್ಲೇ ಇದೆ. ದೊಡ್ಡಪ್ಪನ ದಮ್ಮು, ಅಂದರೆ ಡಾಕ್ಟರು ಸಿಒಪಿಡಿ ಅನ್ನುವ ಶ್ವಾಸನಾಳ ಕಿರಿದಾಗುವ ಕಾಯಿಲೆ, ಕೆರಳುವುದನ್ನು ನಾಲ್ಕು ದಿನ ಮೊದಲೇ ಹೇಳುವ ವಾಚ್ ಬಂದಿದೆಯಂತೆ, ಮಗ ಫೋನಿನಲ್ಲಿ ತೋರಿಸಿದ, ಕೊಡಿಸಲಾ ಬೇಡವಾ ಅಂತ ಕೇಳಿದೀಯ. ಉತ್ತರ ಸ್ವಲ್ಪ ಉದ್ದವಾಗುತ್ತದೆ. ಅಡುಗೆ ಕೆಲಸ ಮುಗಿಸಿ ಕೂತು ಕೇಳು. ದೊಡ್ಡಮ್ಮನಿಗೂ ಕೇಳಿಸು. ಇದರಲ್ಲಿ ಅರ್ಧ ಅವರಿಗೇ ಹೇಳಬೇಕಾದದ್ದು.

ಮೊದಲು ನಮ್ಮಮ್ಮನ ವಿಷಯ. ಅಮ್ಮ ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತು. ಅದರ ಹಿಂದಿನ ವಾರ ಏನಾಯಿತು ಅಂತ ಯಾರಿಗೂ ಹೇಳಿರಲಿಲ್ಲ. ಹೇಳೋಕೆ ಸಂಕಟ.

ಅಮ್ಮ ಒಂದು ದಿನವೂ ಬೀಡಿ ಸಿಗರೇಟ್ ಮುಟ್ಟಿದವರಲ್ಲ. ಊರಿನಲ್ಲಿ ಇಪ್ಪತ್ತೈದು ವರ್ಷ ಸೌದೆ ಒಲೆ ಊದಿದರು, ಅಷ್ಟೇ. ಕಿಟಕಿ ಇಲ್ಲದ ಅಡುಗೆಮನೆ. ಸಿಒಪಿಡಿ ಬರಲು ಅಷ್ಟು ಹೊಗೆ ಸಾಕು. ಮೂರು ವರ್ಷದ ಹಿಂದೆ, ದೀಪಾವಳಿ ಕಳೆದ ವಾರ. ಬುಧವಾರ ಟೆರೇಸಿಗೆ ಬಟ್ಟೆ ಒಣಹಾಕಲು ಹೋದವರು ಮೆಟ್ಟಿಲ ತಿರುವಿನಲ್ಲಿ ಬಕೆಟ್ ಕೆಳಗಿಟ್ಟು ನಿಂತರು. ಯಾವತ್ತೂ ಅಲ್ಲಿ ನಿಲ್ಲುವವರಲ್ಲ. ಗುರುವಾರ ಗಂಟಲು ಕೆರೆತ ಅಂತ ಮೆಣಸಿನ ಕಷಾಯ ಕುಡಿದರು. ಶುಕ್ರವಾರ ಎರಡು ದೋಸೆ ತಿನ್ನುವವರು ಒಂದಕ್ಕೇ ತಟ್ಟೆ ಸರಿಸಿದರು. ಶನಿವಾರ ಬೆಳಗ್ಗೆ ಹಾಸಿಗೆ ಮಡಿಸುವಾಗ ನೋಡಿದೆ, ದಿಂಬಿನ ಕೆಳಗೆ ಒಂದು ಬೆಡ್‌ಶೀಟ್ ಮಡಿಸಿ ಇಟ್ಟುಕೊಂಡಿದ್ದರು. ತಲೆ ಎತ್ತರ ಆಗಲಿ ಅಂತ. ಭಾನುವಾರ ವಾಶ್ ಬೇಸಿನ್ನಿನಲ್ಲಿ ಕಫ ಉಗುಳಿ ಬೇಗ ನೀರು ಬಿಟ್ಟರು. ಆದರೂ ನನ್ನ ಕಣ್ಣಿಗೆ ಬಿತ್ತು. ದಿನಾ ಗಂಜಿ ತಿಳಿಯ ಹಾಗೆ ಬಿಳಿ ಇರುವುದು ಅವತ್ತು ಹಸಿರು ಹಸಿರಾಗಿತ್ತು. ನಾಳೆ ಡಾಕ್ಟರಿಗೆ ಫೋನ್ ಮಾಡೋಣ ಅಂದುಕೊಂಡೆ. ಸೋಮವಾರ ರಾತ್ರಿ ಒಂದೂವರೆ ಗಂಟೆಗೆ ಎಬ್ಬಿಸಿದರು. "ನೀರು" ಅಂದರು. "ಕೊಡು" ಅನ್ನೋಕೆ ಉಸಿರು ಸಾಲಲಿಲ್ಲ.

ಡಿಸ್ಚಾರ್ಜ್ ದಿನ ಎದೆರೋಗದ ಡಾಕ್ಟರು ನನ್ನನ್ನು ಕೂರಿಸಿಕೊಂಡು, ಆಸ್ಪತ್ರೆಗೆ ಬಂದ ದಿನದಿಂದ ಹಿಂದಕ್ಕೆ ಒಂದೊಂದೇ ದಿನ ಹೇಳಿ ಅಂದರು. ಹೇಳುತ್ತಾ ಹೇಳುತ್ತಾ ನನಗೇ ಅಳು ಬಂತು. ಆರು ದಿನ ಎಲ್ಲವೂ ಕಣ್ಣ ಮುಂದೆಯೇ ಇತ್ತು ಅಕ್ಕ. ಒಂದೊಂದನ್ನೂ ನೋಡಿದ್ದೆ, ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಲಂಡನ್ನಿನಲ್ಲಿ ಇಂಥ ರೋಗಿಗಳ ಕೈಯಲ್ಲಿ ದಿನಾ ಡೈರಿ ಬರೆಸಿ, ದಿನಾ ಕೊಳವೆಯಲ್ಲಿ ಊದಿಸಿ ನೋಡಿದ್ದಾರೆ. 2000ದಲ್ಲಿ ಅದು ಅಚ್ಚಾಯಿತು. ಕೆರಳುವುದಕ್ಕೆ ಮುಂಚಿನ ಒಂದು ವಾರ ಊದಿದ ಅಳತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಡೈರಿಯಲ್ಲಿ ಏದುಸಿರು, ನೆಗಡಿ, ಗಂಟಲು ನೋವು, ಕೆಮ್ಮು ಎಲ್ಲ ಏರುತ್ತಾ ಬಂದಿತ್ತು. ಅಂದರೆ ಮಿಷನ್ನಿಗಿಂತ ಮೊದಲು ಆ ಮನುಷ್ಯನಿಗೇ ಗೊತ್ತಾಗಿರುತ್ತದೆ.

ಇನ್ನು ದೊಡ್ಡಪ್ಪನಿಗೆ ಮತ್ತೆ ಬರುತ್ತದಾ ಅಂತ ಕೇಳಿದೆಯಲ್ಲ. ಮುಚ್ಚಿಡದೆ ಹೇಳ್ತೀನಿ. ಯಾರಿಗೆ ಮುಂದೆ ಕೆರಳುತ್ತದೆ ಅಂತ ಹೇಳುವ ಎಲ್ಲಕ್ಕಿಂತ ಗಟ್ಟಿ ಸುಳಿವು, ಹಿಂದೆ ಕೆರಳಿದೆಯಾ ಅನ್ನುವುದು. ಎರಡು ಸಾವಿರಕ್ಕೂ ಜಾಸ್ತಿ ಜನರನ್ನು ಮೂರು ವರ್ಷ ಹಿಂಬಾಲಿಸಿ ನೋಡಿದ ಒಂದು ದೊಡ್ಡ ಅಧ್ಯಯನ 2010ರಲ್ಲಿ ಬಂತು, ಅದರಲ್ಲಿ ಕಂಡದ್ದು ಇದೇ. ಅದಕ್ಕೇ ಡಾಕ್ಟರುಗಳು ಹೋದ ವರ್ಷ ಎಷ್ಟು ಸಲ ಅಂತ ಮೊದಲು ಕೇಳುವುದು. ವರ್ಷದಲ್ಲಿ ಒಂದೇ ಸಲ ಆಸ್ಪತ್ರೆಗೆ ಸೇರಿಸಿದ್ದರೂ ಅಂಥವರನ್ನು ಬೇರೆ ಗುಂಪಿಗೇ ಹಾಕುತ್ತಾರೆ. ದೊಡ್ಡಪ್ಪ ಆ ಗುಂಪಿನಲ್ಲಿದ್ದಾರೆ. ಅದರಲ್ಲೂ ಒಂದು ಸಲ ಕೆರಳಿದ ಮೇಲೆ ಸುಮಾರು ಎಂಟು ವಾರ ಮತ್ತೆ ಕೆರಳುವ ಭಯ ಜಾಸ್ತಿ. ಮನೆಗೆ ಬಂದರು, ಊಟ ಮಾಡ್ತಿದ್ದಾರೆ, ಎಲ್ಲ ಸರಿಹೋಯಿತು ಅಂತ ನಾವು ಕೈಬಿಡುವುದು ಸರಿಯಾಗಿ ಇದೇ ದಿನಗಳಲ್ಲಿ. ಇವತ್ತಿನಿಂದ ಎಂಟು ವಾರ ಎಣಿಸು.

ಈಗ ನಾವು ಮನೆಯಲ್ಲಿ ಏನು ಮಾಡ್ತೀವಿ ಅಂತ ಹೇಳ್ತೀನಿ. ಅಡುಗೆಮನೆ ಗೋಡೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆಯಲ್ಲ, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಎಲ್ಲ ಬರೆಯುತ್ತಿದ್ದೆವು. ಅದರ ಪಕ್ಕದಲ್ಲೇ ಇನ್ನೊಂದು ನೇತುಹಾಕಿದ್ದೇನೆ. ಅದು ಅಮ್ಮನ ಉಸಿರಿಗೆ ಮಾತ್ರ. ಬೆಳಗ್ಗೆ ಕಾಫಿ ಆದ ಮೇಲೆ ಮೂರೇ ಮಾತು ಕೇಳುತ್ತೇನೆ. ನಿನ್ನೆಗಿಂತ ಏದುಸಿರು ಜಾಸ್ತಿನಾ? ಕಫ ಜಾಸ್ತಿ ಬಂತಾ? ಬಣ್ಣ ಬದಲಾಯಿತಾ? ಹೌದು ಅಂದದ್ದಕ್ಕೆ ಒಂದೊಂದು ಕೆಂಪು ಚುಕ್ಕೆ. ಈ ಮೂರು ಪ್ರಶ್ನೆ ನನ್ನ ತಲೆಯಿಂದ ಬಂದದ್ದಲ್ಲ. ಕೆನಡಾದ ಡಾಕ್ಟರುಗಳು 1987ರಲ್ಲಿ ಆ್ಯಂಟಿಬಯಾಟಿಕ್ ಯಾರಿಗೆ ಉಪಯೋಗ ಅಂತ ನೋಡುವಾಗ ಇದೇ ಮೂರನ್ನು ಹಿಡಿದುಕೊಂಡಿದ್ದರು. ಇವತ್ತಿಗೂ ಡಾಕ್ಟರು ಇದನ್ನೇ ಕೇಳುತ್ತಾರೆ. ಎರಡು ದಿನ ಸಾಲಾಗಿ ಎರಡೆರಡು ಚುಕ್ಕೆ ಬಿದ್ದರೆ ಫೋನ್ ಮಾಡಿ ಅಂತ ನಮ್ಮ ಡಾಕ್ಟರು ಹೇಳಿದ್ದಾರೆ. ನಾಳೆ ನೋಡೋಣ ಅನ್ನುವುದಕ್ಕೆ ಅವಕಾಶವೇ ಇಲ್ಲ.

ಚುಕ್ಕೆ ಜೊತೆಗೆ ಅಮ್ಮನದೇ ಆದ ಗುರುತು ಒಂದೆರಡು ಬರೆಯುತ್ತೇನೆ. ಮೆಟ್ಟಿಲ ತಿರುವಿನಲ್ಲಿ ನಿಂತರಾ, ದಿಂಬು ಎಷ್ಟು, ದೋಸೆ ಎಷ್ಟು. ದೊಡ್ಡಪ್ಪನ ಗುರುತು ಬೇರೆ ಇರುತ್ತದೆ. ಅದು ದೊಡ್ಡಮ್ಮನಿಗೆ ಮಾತ್ರ ಗೊತ್ತು. ದೊಡ್ಡಮ್ಮ, ನೀವು ಕೇಳ್ತಾ ಇದ್ದರೆ ಒಂದು ಮಾತು. ಹೇಗಿದೆ ಅಂತ ಕೇಳಿದರೆ ದೊಡ್ಡಪ್ಪ "ಏನಿಲ್ಲ, ಹಾಗೇ" ಅಂತಲೇ ಹೇಳುವುದು. ನಿಮಗೆ ತೊಂದರೆ ಆಗಬಾರದು ಅಂತ. ಅದಕ್ಕೇ ನೀವು ನೋಡಿ ಬರೆಯಬೇಕು, ಅವರ ಮಾತಿನ ಮೇಲೆ ಬಿಡಬೇಡಿ.

ಉಸಿರು ಎಣಿಸುವುದೂ ಕಲಿತಿದ್ದೇನೆ. ಅಮ್ಮ ಸೀರಿಯಲ್ ನೋಡುತ್ತಾ ಕೂತಿರುವಾಗ, ಹೇಳದೆ, ಪಕ್ಕದಲ್ಲಿ ಕೂತು ಒಂದು ನಿಮಿಷ ಎದೆ ಎಷ್ಟು ಸಲ ಏಳುತ್ತದೆ ಅಂತ ಎಣಿಸುತ್ತೇನೆ. ಹೇಳಿ ಎಣಿಸಿದರೆ ಉಸಿರು ತಾನಾಗಿ ಬದಲಾಗಿಬಿಡುತ್ತದೆ. ಚೆನ್ನಾಗಿರುವಾಗ ಅಮ್ಮನಿಗೆ ಹದಿನೆಂಟು. ಇಪ್ಪತ್ತೆರಡು ದಾಟಿದರೆ ನನಗೆ ನಿದ್ದೆ ಬರಲ್ಲ. ಸ್ಪೇನಿನಲ್ಲಿ ಮನೆಯಲ್ಲೇ ಆಕ್ಸಿಜನ್ ತೆಗೆದುಕೊಳ್ಳುವವರ ಉಸಿರಿನ ಲೆಕ್ಕ ಇಟ್ಟು ನೋಡಿದಾಗ, ಆಸ್ಪತ್ರೆ ಸೇರುವ ಒಂದೆರಡು ದಿನ ಮೊದಲೇ ಅದು ಏರಿತ್ತು. 2012ರ ಮಾತು ಇದು. ದುಡ್ಡೇ ಬೇಡದ ಪರೀಕ್ಷೆ ಅಲ್ವಾ?

ಬೆರಳಿಗೆ ಹಾಕುವ ಆಕ್ಸಿಮೀಟರ್ ಕೊರೋನಾ ಕಾಲದ್ದು ನಿಮ್ಮ ಮನೆಯಲ್ಲೂ ಇರಬೇಕು. ಸೆಲ್ ಬದಲಾಯಿಸಿ ಇಟ್ಟುಕೋ. ಆದರೆ 98 ಬರಲಿಲ್ಲ ಅಂತ ಗಾಬರಿಯಾಗಬೇಡ. ಚೆನ್ನಾಗಿರುವ ದಿನ ದೊಡ್ಡಪ್ಪನಿಗೆ ಎಷ್ಟಿರುತ್ತದೆ ಅಂತ ಮೊದಲು ಒಂದು ವಾರ ಬರೆದುಕೋ. ಅಮ್ಮನಿಗೆ 93 ಇರುತ್ತದೆ. ಅದಕ್ಕಿಂತ ಎಷ್ಟು ಇಳಿದಿದೆ ಅನ್ನುವುದನ್ನು ನೋಡಬೇಕು. ಬೆರಳು ತಣ್ಣಗಿದ್ದರೆ ತಪ್ಪು ತೋರಿಸುತ್ತದೆ, ಉಜ್ಜಿ ಬೆಚ್ಚಗೆ ಮಾಡಿ ಹಾಕು. ಇನ್ನೊಂದು ಮುಖ್ಯವಾದದ್ದು. ಮನೆಯಲ್ಲಿ ಆಕ್ಸಿಜನ್ ಮಿಷನ್ ಇದ್ದರೆ ನಂಬರ್ ಏರಲಿ ಅಂತ ನೀನೇ ಜಾಸ್ತಿ ತಿರುಗಿಸಬೇಡ. ಇಂಥವರಿಗೆ ಕೆರಳಿದಾಗ ಆಕ್ಸಿಜನ್ ಕೊಟ್ಟರೂ 88ರಿಂದ 92ರೊಳಗೆ ಇರಲಿ ಅನ್ನುತ್ತಾರೆ. ವಿಪರೀತ ಕೊಟ್ಟರೆ ದೇಹದಲ್ಲಿ ಕೆಟ್ಟ ಗಾಳಿ, ಅಂದರೆ ಕಾರ್ಬನ್ ಡೈಆಕ್ಸೈಡ್, ಸೇರಿಕೊಂಡು ಮಂಪರು ಹತ್ತಿಬಿಡುತ್ತದೆ. ಅಮ್ಮನನ್ನು ಮೊದಲು ಕರೆದುಕೊಂಡು ಹೋದ ಕಡೆ ಹೀಗೇ ಆಯಿತು, ಎಬ್ಬಿಸಿದರೂ ಏಳಲಿಲ್ಲ. ಆ ಗಂಟೆ ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಈಗ ವಾಚ್. ನಾಡಿ, ನಿದ್ದೆಯಲ್ಲಿ ಉಸಿರು, ಎಷ್ಟು ಹೆಜ್ಜೆ ನಡೆದರು, ಇದೆಲ್ಲ ಅದು ಅಳೆಯುತ್ತದೆ. ಹೆಜ್ಜೆ ಲೆಕ್ಕ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ದೊಡ್ಡಪ್ಪ ನಡೆಯುವುದು ಕಡಿಮೆಯಾದರೆ ತಕ್ಷಣ ಗೊತ್ತಾಗುತ್ತದೆ. ಆದರೆ ಸ್ಕಾಟ್ಲೆಂಡಿನಲ್ಲಿ 256 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಗೆ ದಿನಾ ಲಕ್ಷಣ ಮತ್ತು ಆಕ್ಸಿಜನ್ ನಂಬರ್ ಕಳಿಸುವ ಮಿಷನ್ ಕೊಟ್ಟು ಒಂದು ವರ್ಷ ನೋಡಿದರು. 2013ರಲ್ಲಿ ಫಲಿತಾಂಶ ಬಂತು. ಆಸ್ಪತ್ರೆ ಸೇರುವುದು ಅದರಿಂದ ಕಡಿಮೆಯಾಗಲಿಲ್ಲ. ಎರಡೂ ಗುಂಪಿಗೂ ಡಾಕ್ಟರು, ನರ್ಸುಗಳ ಆರೈಕೆ ಚೆನ್ನಾಗಿಯೇ ಇತ್ತು, ಅದರ ಮೇಲೆ ಮಿಷನ್ ಹೆಚ್ಚೇನೂ ಸೇರಿಸಲಿಲ್ಲ. ಅದಕ್ಕೇ ನನ್ನ ಲೆಕ್ಕದಲ್ಲಿ ವಾಚ್ ಆಮೇಲೆ. ನಂಬರ್ ಕೆಂಪಾದಾಗ ಯಾರು ಯಾರಿಗೆ ಫೋನ್ ಮಾಡಬೇಕು, ಯಾವ ಔಷಧಿ ಎಷ್ಟು, ಇದು ಡಾಕ್ಟರ ಕೈಬರಹದಲ್ಲಿ ಫ್ರಿಜ್ ಮೇಲೆ ಅಂಟಿರಬೇಕು. ಅದು ಮೊದಲು. ಮಗನಿಗೆ ತಾತನ ಮೇಲಿನ ಪ್ರೀತಿ, ಬೇಜಾರು ಮಾಡಬೇಡ. ಆ ಕಾಗದ ಅಂಟಿಸಿದ ಮೇಲೆ ಕೊಡಿಸಲಿ.

ಬೇಕಾದರೆ ಆ ದುಡ್ಡು ಸ್ಪೇಸರ್‌ಗೆ, ಅಂದರೆ ಇನ್ಹೇಲರ್ ಬಾಯಿಗೆ ಸಿಕ್ಕಿಸುವ ದಪ್ಪ ಕೊಳವೆಗೆ, ಮತ್ತು ಲಸಿಕೆಗೆ ಹಾಕು. ಸಂಕ್ರಾಂತಿಗೆ ಬಂದಾಗ ದೊಡ್ಡಪ್ಪ ಪಫ್ ತೆಗೆದುಕೊಳ್ಳುವುದನ್ನು ನೋಡಿದೆ. ಒತ್ತಿದರು, ಬಾಯಿಂದ ಬಿಳಿ ಹೊಗೆ ಹಾಗೇ ಹೊರಗೆ ಬಂತು. ಔಷಧಿ ಒಳಗೆ ಹೋಗಲೇ ಇಲ್ಲ ಅಕ್ಕ. ಸ್ಪೇಸರ್ ಹಾಕಿ, ನಿಧಾನವಾಗಿ ಎಳೆದುಕೊಂಡು, ಹತ್ತು ಎಣಿಸುವ ತನಕ ಉಸಿರು ಹಿಡಿಯಬೇಕು. ಮುಂದಿನ ಸಲ ಡಾಕ್ಟರ ಮುಂದೆಯೇ ಒಂದು ಪಫ್ ತೆಗೆದುಕೊಂಡು ತೋರಿಸಲಿ. ಹಾಗೇ ರಕ್ತಪರೀಕ್ಷೆಯ ಸಿಬಿಸಿ ರಿಪೋರ್ಟಿನಲ್ಲಿ ಇಯೋಸಿನೋಫಿಲ್ ಅನ್ನುವ ಬಿಳಿ ರಕ್ತಕಣ ಎಷ್ಟು ಅಂತ ಕೇಳು. ಅದು ಒಂದು ಮೈಕ್ರೋಲೀಟರ್ ರಕ್ತಕ್ಕೆ 300 ಅಥವಾ ಜಾಸ್ತಿ ಇದ್ದವರಿಗೆ ಸ್ಟೀರಾಯ್ಡ್ ಇರುವ ಇನ್ಹೇಲರ್‌ನಿಂದ ಕೆರಳುವುದು ತಗ್ಗುವ ಸಾಧ್ಯತೆ ಜಾಸ್ತಿ. ಬದಲಾಯಿಸಬೇಕಾ ಅನ್ನುವುದು ಡಾಕ್ಟರಿಗೆ ಬಿಟ್ಟದ್ದು, ಕೇಳುವುದು ನಮ್ಮ ಕೆಲಸ.

ನಮ್ಮೂರಿನ ಗಾಳಿ ಬಗ್ಗೆಯೂ ಭಾವ ಕೇಳಿದ್ದರು. ನವೆಂಬರಿನಿಂದ ಜನವರಿ ತನಕ ಬೆಳಗಿನ ಚಳಿ, ಪಟಾಕಿ ಹೊಗೆ, ರಸ್ತೆ ಮೂಲೆಯಲ್ಲಿ ಒಣಗಿದ ಎಲೆಗೆ ಬೆಂಕಿ ಹಾಕುವುದು, ಮೆಟ್ರೋ ಕೆಲಸದ ಧೂಳು, ಎಲ್ಲವೂ ಕೆಟ್ಟದ್ದೇ. ಸಮೀರ್ ಆ್ಯಪಿನಲ್ಲಿ ಗಾಳಿ ಹೇಗಿದೆ ನೋಡಿ, ಕೆಟ್ಟಿದ್ದರೆ ಬೆಳಗಿನ ವಾಕಿಂಗ್ ಬಿಟ್ಟು ಬಿಸಿಲೇರಿದ ಮೇಲೆ ಮನೆ ಮುಂದೆ ನಡೆಯಲಿ. ಆದರೆ ಧೂಳಿಗಿಂತ ಜಾಸ್ತಿ ಕೆಣಕುವುದು ಮಾಮೂಲಿ ನೆಗಡಿಯ ವೈರಸ್. ಸ್ಕೂಲಿನಿಂದ ಮೊಮ್ಮಗಳು ಮೂಗು ಸೋರುತ್ತಾ ಬಂದಳು ಅಂದರೆ ಆ ವಾರ ತಾತನ ಕ್ಯಾಲೆಂಡರ್ ಮೇಲೆ ಎರಡು ಕಣ್ಣಿರಲಿ. ಫ್ಲೂ ಲಸಿಕೆ ಪ್ರತಿ ವರ್ಷ, ನ್ಯುಮೋಕಾಕಲ್ ಲಸಿಕೆ ಡಾಕ್ಟರು ಹೇಳಿದ ಹಾಗೆ. ಮನೆಯೊಳಗೆ ಸೊಳ್ಳೆ ಬತ್ತಿ, ಸಾಂಬ್ರಾಣಿ ಬೇಡ. ದೇವರಿಗೆ ತುಪ್ಪದ ದೀಪ ಒಂದೇ ಸಾಕು.

ಇದನ್ನೂ ಹೇಳಿಬಿಡ್ತೀನಿ. ಹೋದ ಫೆಬ್ರವರಿಯಲ್ಲಿ ಅಮ್ಮನಿಗೆ ಏದುಸಿರಿನ ಚುಕ್ಕೆ ಮೂರು ದಿನ ಬಿತ್ತು, ಕಫ ಮಾತ್ರ ಬಿಳಿಯೇ ಇತ್ತು. ಕಾಲು ಒತ್ತಿದರೆ ಕುಳಿ ಬೀಳುತ್ತಿತ್ತು. ನಾನು ಹಳೇ ಸ್ಟೀರಾಯ್ಡ್ ಮಾತ್ರೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದೆ, ಯಾಕೋ ಫೋನ್ ಮಾಡಿ ಕೇಳಿದೆ. ಹೋಗಿ ನೋಡಿದರೆ ಅದು ಹೃದಯದ ತೊಂದರೆ. ಅದಕ್ಕೇ ಉಳಿದ ಮಾತ್ರೆ ನಮ್ಮಷ್ಟಕ್ಕೆ ಕೊಡುವುದು ಬೇಡ. ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ಮಂಪರು ಬಂದರೆ, ಮಾತು ಅಸಂಬದ್ಧವಾದರೆ, ಆಗ ಕ್ಯಾಲೆಂಡರೂ ಬೇಡ ಏನೂ ಬೇಡ. 108ಕ್ಕೆ ಫೋನ್ ಮಾಡು, ಆಮೇಲೆ ನನಗೆ ಮಾಡು.

ಕ್ಯಾಲೆಂಡರ್ ನೇತುಹಾಕಿದ ಮೇಲೆ ಅಮ್ಮನಿಗೆ ಎರಡು ಸಲ ಕೆರಳಿತು. ಎರಡೂ ಸಲ ಮೂರನೇ ದಿನದೊಳಗೆ ಡಾಕ್ಟರ ಹತ್ತಿರ ಇದ್ದೆವು, ಐದು ದಿನದ ಮಾತ್ರೆಯಲ್ಲಿ ಮನೆಯಲ್ಲೇ ಇಳಿಯಿತು. ಪ್ರತಿ ಸಲ ಹೀಗೇ ಆಗುತ್ತದೆ ಅಂತ ನಾನು ಹೇಳಲಾರೆ. ಆದರೆ ರಾತ್ರಿ ಒಂದೂವರೆಗೆ ಎದ್ದು ಓಡುವುದು ಆಮೇಲೆ ಆಗಿಲ್ಲ.

ಭಾನುವಾರ ಬನಶಂಕರಿಯಿಂದ ಹನ್ನೊಂದರ ಹೊತ್ತಿಗೆ ಬರ್ತೀನಿ. ಒಂದು ಕ್ಯಾಲೆಂಡರ್, ಕೆಂಪು ಪೆನ್ನು, ಅಮ್ಮನ ಹಳೇ ಸ್ಪೇಸರ್ ಅಲ್ಲ, ಹೊಸದೊಂದು ತರ್ತೀನಿ. ಅಷ್ಟರಲ್ಲಿ ನೀನು ದೊಡ್ಡಮ್ಮನ ಪಕ್ಕ ಕೂತು ಒಂದು ಕೇಳಿ ಬರೆದಿಡು. ಆಸ್ಪತ್ರೆ ಸೇರಿದ ದಿನದಿಂದ ಹಿಂದಕ್ಕೆ, ಒಂದೊಂದೇ ದಿನ. ದೊಡ್ಡಪ್ಪ ಯಾವತ್ತಿನಿಂದ ಪೂಜೆಗೆ ಹೂ ಕೀಳೋಕೆ ಕಾಂಪೌಂಡಿಗೆ ಹೋಗುವುದು ಬಿಟ್ಟರು?